ಗದ್ದೆಮ್ಮನ ಎಡಗಲ್ಲ

ಕರೆಂಟ್ ಹೋದ್ರ ಮಾನ್ವಿ ಮಂದಿ ಎಲ್ಲಾ ಬೈತಾರ. ನಮ್ಮ ಮನ್ಯಾಗ ಮಾತ್ರ ಕರೆಂಟ್ ಹೋತಂದ್ರ ಹಬ್ಬ. ಗಿರಣಿ ಪಟ್ಟಾ ನಿಂತ ಕೂಡಲೆ ನನ್ನ ಸೊಸಿ ಮಂಜುಳಾ ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬರ್ತಾಳ, ಗ್ವಾಡಿಮ್ಯಾಲಿನ ಕನ್ನಡಿ ತಗದು ತೊಡಿಮ್ಯಾಲೆ ಇಟ್ಕೋತಾಳ, ಮಗಳನ್ನ ಎದುರಿಗೆ ಕುಂದ್ರಿಸ್ಕೋತಾಳ. ಗಿರಣಿ ಸಪ್ಪಳ ನಿಂತಾಗನ ನಮ್ಮ ಮನ್ಯಾಗ ಸಾಲಿ ಸುರು ಆಗೋದು.

ಆ ಸಾಲ್ಯಾಗ ಓದೋಕಿ ಒಬ್ಬಕಿನ, ನನ್ನ ಮೊಮ್ಮಗಳು ಮಲ್ಲಿಕಾ. ನನ್ನ ಮಗ ದುರುಗೇಶನ ಮಗಳು. ಐದು ತುಂಬ್ಯಾವ. ಹುಟ್ಟಾ ಕಿವಿ ಕೇಳಂಗಿಲ್ಲ. ಅದು ನಮಗ ಗೊತ್ತಾಗಿದ್ದು ಆಕಿಗೆ ಮೂರು ತುಂಬಿದ ಮ್ಯಾಲೆ. ಹೆತ್ತವ್ರಿಗೆ ಅಷ್ಟೂ ಖಬರಿರಲಿಲ್ಲೇನು ಅಂತ ಕೇಳ್ತೀರಿ. ಎಲ್ಲಾರೂ ಕೇಳ್ತಾರ. ಕೇಳೋರು ಒಂದು ದಿನ ನಮ್ಮ ಮನಿಗೆ ಬಂದು ಇರ್ಬೇಕು.

ಮುಂದ ಗಿರಣಿ, ಹಿಂದ ಮನಿ, ನಡುವ ಒಂದು ತಗಡಿನ ಬಾಗ್ಲಾ. ಮುಂಜಾನಿಂದ ಸಂಜಿತನ ಜ್ವಾಳ, ಗೋದಿ, ಖಾರ ಬೀಸೋ ಮನ್ಯಾಗ ಯಾರ ಮಾತು ಯಾರಿಗೆ ಕೇಳ್ತದ? ಕರಿಬೇಕಂದ್ರ ನಾವು ಹೆಗಲು ತಟ್ಟತೀವಿ. ಊಟಕ್ಕ ಬಾ ಅನ್ನಾಕ ಬಾಯಿಗೆ ಕೈ ಒಯ್ತೀವಿ. ಖಾರ ಬೀಸೋದು ಅದ ಅನ್ನಾಕ ನಾಲಿಗಿ ಹೊರಗ ಹಾಕ್ತೀವಿ. ಇಂಥಾ ಮನ್ಯಾಗ ಹುಟ್ಟಿದ ಕೂಸು ಹೆಗಲು ತಟ್ಟಿದ್ರ ತಿರುಗಿ ನೋಡ್ತಿತ್ತು, ಬಾಯಿಗೆ ಕೈ ಒಯ್ದ್ರ ಉಣ್ಣಾಕ ಬರ್ತಿತ್ತು. ಮಾತು ಬರವೊಲ್ದು ಅಂದ್ರ ನನ್ನ ಹೆಂಡತಿ ಗದ್ದೆಮ್ಮ, "ಇವರಪ್ಪನೂ ತಡಾನ ಮಾತಾಡಿದ. ಈಗ ನೋಡ್ರಿ, ಬಾಯಿ ಮುಚ್ಚಂಗಿಲ್ಲ" ಅಂತಿದ್ಲು.

ಕಡೀಗೆ ಮಂಜುಳಾ ತವರಿಗೆ, ಮಲ್ಲಟಕ್ಕ ಹೋದಾಗ ಬಯಲಾತು. ಅಲ್ಲಿ ಗಿರಣಿ ಇಲ್ಲ, ಗದ್ದಲ ಇಲ್ಲ. ಅವರವ್ವ ಕೂಸಿನ ಬೆನ್ನ ಹಿಂದ ತಾಮ್ರದ ಕೊಡ ಕೈ ಜಾರಿ ಕೆಡವಿದ್ಲು. ಕಟ್ಟಿಮ್ಯಾಲಿನ ಬೆಕ್ಕು ಜಿಗಿದು ಓಡ್ತು, ಮಲ್ಲಿಕಾ ಮಾತ್ರ ಹಂಗ ಶೇಂಗಾ ಸುಲಕೋತ ಕುಂತಿದ್ಲು. ಮಂಜುಳಾ ಆವತ್ತ ಬಸ್ ಹತ್ತಿ ಅಳಕೋತ ಬಂದ್ಲು.

ರಾಯಚೂರಿಗೆ ಒಯ್ದು ಪರೀಕ್ಷಾ ಮಾಡಿಸಿದಿವಿ. ಎರಡೂ ಕಿವಿಗೆ ಮಿಷನ್ ಬಂದ್ವು. ಮಿಷನ್ ಹಾಕಿದ್ರ ಮಾತು ತಾನ ಬರ್ತದ ಅಂತ ನಾನು ಓಣಿಗೆಲ್ಲಾ ಸಕ್ರಿ ಹಂಚಿದೆ. ಅಲ್ಲಿ ರಾಯಚೂರಾಗ ಮಾತು ಕಲಿಸೋ ನೇತ್ರಾವತಿ ಮೇಡಮ್ ಮೊದಲನೆ ದಿನಾನ ನನ್ನ ಸಕ್ರಿಗೆ ನೀರು ಹಾಕಿದ್ಲು.

"ಅಜ್ಜಾರ, ಮಿಷನ್ ಸಪ್ಪಳ ಒಯ್ದು ಮುಟ್ಟಿಸ್ತದ, ಅಷ್ಟ. ಅದು ಸಪ್ಪಳಲ್ಲ ಮಾತು ಅಂತ ತಿಳಿಸೋರು ನೀವು. ಮತ್ತ ಗಿರಣಿ ನಡದಾಗ ಮಿಷನ್ ಹಾಕಬ್ಯಾಡ್ರಿ, ಆಕಿ ಕಿವ್ಯಾಗ ಗಿರಣಿನ ಹೊಕ್ಕಂಗ ಆಗ್ತದ."

"ಗಿರಣಿ ದಿನಾ ನಡಿತದಲ್ರಿ."

"ಹಂಗಾದ್ರ ನಿಂತಾಗ ಮಾತಾಡ್ರಿ. ಮುಖಾ ನೋಡಿ ಮಾತಾಡ್ರಿ. ಕೈಲೆ ಮಾತಾಡೋದನ್ನೂ ಬಿಡಬ್ಯಾಡ್ರಿ, ಅದೂ ಮಾತ. ಒಂದಕ್ಕೊಂದು ಜೋಡಿ ಇರ್ಲಿ."

ಹಿಂಗ ನಮ್ಮ ಕರೆಂಟ್ ಹಬ್ಬ ಸುರು ಆತು.

ನೇತ್ರಾವತಿ ಸಣ್ಣ ವಯಸ್ಸಿನಾಕಿ, ಕೂಸುಗಳ ಜೋಡಿ ನೆಲದಮ್ಯಾಲೆ ಕುಂತು ಆಡ್ತಾಳ. ಮಲ್ಲಿಕಾನ ಕೈ ತಗೊಂಡು ತನ್ನ ಗಂಟಲಿಗೆ ಹಚ್ಕೊಂಡು "ಮಾ" ಅಂದ್ಲು. ಬ್ಯಾರೆ ಕೂಸು ಆಗಿದ್ರ ಅಂಜತಿತ್ತು. ನಮ್ಮಕಿ ನಕ್ಳು. ದಿನಾ ಗಿರಣಿ ತಗಡಿಗೆ ಅಂಗೈ ಹಚ್ಚಿ, ನಡದದೋ ನಿಂತದೋ ಅಂತ ನೋಡಾಕಿ ಆಕಿ. ಮನುಷ್ಯಾರ ಗಂಟಲಾಗೂ ಒಂದು ಸಣ್ಣ ಗಿರಣಿ ಅದ ಅಂತ ಆವತ್ತು ತಿಳಿತು ನೋಡ್ರಿ, ಮನಿಗೆ ಬಂದು ಎಲ್ಲಾರ ಗಂಟಲು ಹಿಡದಿದ್ದ ಹಿಡದಿದ್ದು. ಬೀಸಾಕ ಬಂದೋರ ಗಂಟಲೂ ಬಿಡಲಿಲ್ಲ. ನನ್ನ ಗೆಣಿಕಾರ ದೋಸ್ತ ವಲಿ ಪಾಷಾ, ಬಜಾರದಾಗ ಬಟ್ಟಿ ಮಾರಾಂವ, ತಾನಾಗೇ ಗಡ್ಡಾ ಮ್ಯಾಲೆತ್ತಿ "ಲೇ ಬೇಟಿ, ಹಿಡಿ" ಅಂತ ಕುಂದ್ರತಿದ್ದ.

ಆಮ್ಯಾಲೆ "ಪ". ಮೇಡಮ್ ತುಟಿ ಮುಂದ ಕಾಗದದ ಪಟ್ಟಿ ಹಿಡದು "ಪಾ" ಅಂದ್ರ ಪಟ್ಟಿ ಹಾರತಿತ್ತು. ಗಿರಣಿ ಮನ್ಯಾಗ ಕಾಗದ ಯಾಕ ಬೇಕು? ಅಂಗೈಮ್ಯಾಲೆ ಒಂದು ಚಿಟಿಕಿ ಜ್ವಾಳದ ಹಿಟ್ಟು ಇಟ್ಕೊಂಡ್ರ ಸಾಕು. ಮಂಜುಳಾ "ಪಾ" ಅಂದ್ಲು, ಹಿಟ್ಟು ಹಾರ್ತು. ದುರುಗೇಶ ಅಂದ, ಹಾರಿ ಹೆಂಡತಿ ಕಣ್ಣಾಗ ಬಿತ್ತು. ನಾ ಅಂದೆ, ಹಿಟ್ಟಿನ ಜೋಡಿ ನನ್ನ ಕಟ್ಟಿಸಿದ ಹಲ್ಲೂ ಹಾರಿದ್ವು. ಮಲ್ಲಿಕಾ ಹೊಟ್ಟಿ ಹಿಡಕೊಂಡು ನಕ್ಳು.

ನಗೋದೆಲ್ಲಾ ಆಗಿ ಆಕಿ ಪಾಳಿ ಬಂತು. ಆಕಿ ಅಂದ್ಲು. ಹಿಟ್ಟು ಅಲುಗಾಡಲಿಲ್ಲ.

ಮರುದಿನ ಅಲುಗಾಡಲಿಲ್ಲ, ಮರುವಾರ ಅಲುಗಾಡಲಿಲ್ಲ. ಆಕಿ ಧ್ವನಿ ಬರ್ತಿತ್ತು, ಕಸುವಿನ ಧ್ವನಿ. ಆದ್ರ ತುಟಿ ಬಿಗಿದು ಒಳಗಿಂದೊಳಗ "ಮ್ಹಾ" ಅಂತಿದ್ಲು. ಎಲ್ಲಾ ಅಕ್ಷರಕ್ಕೂ ಅದೇ "ಮ್ಹಾ".

ಯುಗಾದಿ ಆದ ಮ್ಯಾಲೆ ಒಂದಿನ ದುರುಗೇಶ ಗಿರಣಿ ಕಲ್ಲಿಗೆ ಹಲ್ಲು ಹಾಕಿಸಾಕ ದೇವದುರ್ಗಕ್ಕ ಹೋದ. ಬರೋವಾಗ ಕಲ್ಲಿನ ಜೋಡಿ ಒಂದು ಹಸರು ಟ್ರಂಕ್ ತಂದ. ಊಟಕ್ಕ ಕುಂತಿದ್ದಿವಿ, ಬಿಸಿ ರೊಟ್ಟಿ, ಪುಂಡಿಪಲ್ಯ.

"ಟ್ರಂಕ್ ಯಾಕಪ್ಪಾ?" ಅಂತ ನಾ ಕೇಳಿದೆ.

"ಮಲ್ಲಿಕಾಗ. ಹಾಸ್ಟೆಲ್ ಸಾಲಿ ನೋಡೀನಿ. ಇಂಥಾ ಹುಡುಗ್ರಿಗೇ ಇರೋದು. ಕಾರಹುಣ್ಣಿವಿ ಮರುದಿನ ಕರಕೊಂಡ್ ಬರ್ರಿ ಅಂದಾರ."

ಗದ್ದೆಮ್ಮನ ಕೈಯಾಗಿನ ರೊಟ್ಟಿ ಕೈಯಾಗ ಉಳಿತು. "ಐದು ವರ್ಷದ ಕೂಸಿನ್ನ ಹಾಸ್ಟೆಲಿಗೆ ಹಾಕ್ತೀ ಏನಲೇ?"

"ಇಲ್ಲಿ ಓಣಿ ಸಾಲಿಗೆ ಹಾಕಿದ್ರ ನೀರಡಕಿ ಆತಂದ್ರ ಯಾರಿಗೆ ಹೇಳ್ತಾಳ? ಹೊಟ್ಟಿ ನೋಯ್ತಂದ್ರ ಯಾರಿಗೆ ತಿಳಿತದ? ಅಲ್ಲಿ ಆಕಿ ಹಂಗ ಇರೋ ಹುಡುಗ್ರು ಅದಾರ. ಕೈಲೆ ಮಾತಾಡ್ತಾರ. ನಾನೂ ತಂದಿ ಇದೀನಿ ಯವ್ವಾ, ವೈರಿ ಅಲ್ಲ."

ಅವನ ಮಾತಿನ್ಯಾಗ ತಪ್ಪಿರಲಿಲ್ಲ. ಅದಕ್ಕ ಯಾರಿಗೂ ಉಣ್ಣಾಕ ಆಗಲಿಲ್ಲ.

"ನೀ ಏನಂತೀ ಮಂಜುಳಾ?" ಅಂತ ನಾ ಕೇಳಿದೆ.

ಮಂಜುಳಾ ಮಗಳ ರೊಟ್ಟಿಗೆ ಬೆಣ್ಣಿ ಹಚ್ಚಿಕೋತ ಅಂದ್ಲು: "ಅಲ್ಲಿ ಆಕಿಗೆ ಗೆಳತ್ಯಾರು ಸಿಗ್ತಾರ, ಖರೆ. ಆದ್ರ ರಾತ್ರಿ ಯಾರ ಗಂಟಲಿಗೆ ಕೈ ಹಚ್ಚಿ ಮಲಗ್ತಾಳ್ರಿ ಮಾವಾ?"

ದುರುಗೇಶ ಗಂಗಾಳದಾಗ ಕೈ ತೊಳಕೊಂಡ. ಆಮ್ಯಾಲೆ, "ಒಂದು ಕೆಲಸ ಮಾಡೋಣ. ಕಾರಹುಣ್ಣಿವಿ ಒಳಗ ಹೊರಗಿನವರು ಒಬ್ಬರಿಗೆ, ಒಬ್ಬರಿಗೆ ಸಾಕು, ಆಕಿ ಬಾಯಿ ಮಾತು ತಿಳಿಬೇಕು. ತಿಳೀತಂದ್ರ ಓಣಿ ಸಾಲಿ. ಇಲ್ಲಂದ್ರ ಹಾಸ್ಟೆಲ್. ಆಮ್ಯಾಲೆ ಯಾರೂ ಅಳಬಾರ್ದು" ಅಂದ.

ಗದ್ದೆಮ್ಮ ಎದ್ದು ಹೋಗಿ ಟ್ರಂಕಿಗೆ ಕಾಲ್ಲೆ ಒಂದು ಒದ್ದು ಬಂದು ಕುಂತ್ಲು. ಟ್ರಂಕಿಗೆ ಏನೂ ಆಗಲಿಲ್ಲ, ಆಕಿ ಹೆಬ್ಬಟ್ಟು ಬಾತ್ತು.

ಆಕಿ ಸಂಕಟ ನನಗ ಗೊತ್ತಿತ್ತು. ಮಂಜುಳಾ ರೊಟ್ಟಿ ಬಡದು ಖಾನಾವಳಿಗೆ ಕೊಡ್ತಾಳ, ಒಲಿ ಮುಂದಿಂದ ಏಳಾಕ ಆಗಂಗಿಲ್ಲ. ಹಂಗಾಗಿ ಮಲ್ಲಿಕಾ ದಿನಾ ಇರೋದು ಅಜ್ಜಿ ಜೋಡಿ. ಗದ್ದೆಮ್ಮಂದು ಗಿರಣಿ ಬಾಗ್ಲಾಗ ಒಂದು ಮಣಿ. ಅದರಮ್ಯಾಲೆ ಕುಂತು ಪಾಳಿ ನೋಡ್ತಾಳ. ಯಾರ ಡಬ್ಬಿ ಮೊದಲು ಬಂತು, ಯಾರ ಚೀಲ ಆಮ್ಯಾಲೆ ಬಂತು, ಎಲ್ಲಾ ಆಕಿ ತಲ್ಯಾಗ. ನಡುವ ಹೊಕ್ಕೋರಿಗೆ "ಪಾಳಿ ಹಚ್ರಿ" ಅಂತಾಳ. ತಾಸಿಲ್ದಾರ ಬಂದ್ರೂ ಅದೇ ಮಾತು. ಆಕಿ ಕಣ್ಣು ತಪ್ಪಿಸಿ ವಲಿ ಪಾಷಾನ ಗೋದಿ ಡಬ್ಬಿ ಮುಂದ ಸರಿಸೋಂವ ಈ ಊರಾಗ ನಾ ಒಬ್ಬನ, ನಾ ಸಿಕ್ಕೊಂಡಾಗೆಲ್ಲಾ ಬೈಸ್ಕೊಂಡೀನಿ. ಅಜ್ಜಿ ಮಗ್ಗಲಾಗ ಮೊಮ್ಮಗಳು, ಒಂದು ಕೈ ಗಿರಣಿ ತಗಡಿನಮ್ಯಾಲೆ, ಕಣ್ಣು ಅಜ್ಜಿ ಮುಖದಮ್ಯಾಲೆ. ಆ ಜಾಗಾ ಖಾಲಿ ಆಗ್ತದಂದ್ರ ಗದ್ದೆಮ್ಮಗ ಜೀವ ಹೋದಂಗ.

ಅತ್ತಾಗ ನೇತ್ರಾವತಿಗೂ ತಲಿ ಕೆಟ್ಟಿತ್ತು. "ಮಾತಾಡೋಕಿಂತ ಮೊದಲು ಈ ಹುಡುಗಿ ಮುಖಾ ಯಾಕ ಮ್ಯಾಲೆತ್ತತಾಳ್ರಿ? ಎಡಗಲ್ಲ ಯಾಕ ಉಬ್ಬಿಸ್ತಾಳ?" ಅಂತ ಮಂಜುಳಾನ ಕೇಳಿದ್ಲು. ಮಂಜುಳಾ "ಹೌದೇನ್ರಿ?" ಅಂದ್ಲು. ನಮ್ಮ ಯಾರಿಗೂ ಅದು ಹೊಸದು ಅನಿಸಿರಲಿಲ್ಲ. ಹಲ್ಲು ನೋವು ಇರಬೇಕು ಅಂತ ಮೇಡಮ್ ಹಲ್ಲಿನ ಡಾಕ್ಟರ್ ಕಡಿ ಕಳಿಸಿದ್ಲು. ಅವರು ಬಾಯಿ ತಗಸಿ ಬ್ಯಾಟರಿ ಬಿಟ್ಟು ನೋಡಿ, ಹಲ್ಲು ಮುತ್ತಿನಂಗ ಅದಾವ ಅಂದ್ರು. ಕಡೀಗೆ ಮೇಡಮ್, "ಮುಂದಿನ ಸಲ ಮನ್ಯಾಗಿರೋರೆಲ್ಲಾ ಬರ್ರಿ. ಆಕಿ ಯಾರ ಜೋಡಿ ಹೆಚ್ಚು ಇರ್ತಾಳೋ ಅವರು ಬೇಕೇ ಬೇಕು" ಅಂದ್ಲು.

ಗಿರಣಿಗೆ ಕೀಲಿ ಹಾಕಿ ಎಲ್ಲಾರೂ ಹೋದಿವಿ. ಗದ್ದೆಮ್ಮ ಇಳಕಲ್ ಸೀರಿ ಉಟ್ಕೊಂಡು, ಬಸ್ಸಿನ್ಯಾಗ ಕುಂತಕಿನ ಸೊಂಟದ ಚೀಲ ತಗದು ಎಲಿ, ಅಡಿಕಿ, ಸುಣ್ಣ, ತಂಬಾಕು ಕಟ್ಟಿ ಬಾಯಾಗ ಇಟ್ಕೊಂಡ್ಲು. ತವರು ಅರಕೇರದಾಗ ಅವರವ್ವ ಮದುವ್ಯಾಗ ಕೊಟ್ಟ ಎಲಿ ಚಂಚಿ ಅದು, ಆವತ್ತಿನತನ ಆಕಿ ಸೊಂಟ ಬಿಟ್ಟಿರಲಿಲ್ಲ. ಬೆಳಿಗ್ಗೆ ಒಂದು ಕಟ್ಟಿದ್ಲಂದ್ರ ಸಂಜಿತನ ಎಡಗಲ್ಲ ಖಾಲಿ ಇರ್ತಿರಲಿಲ್ಲ.

ನೇತ್ರಾವತಿ ಕ್ವಾಣಿ ಒಳಗ ನೆಲ ಕನ್ನಡಿಯಂಗ ಇತ್ತು. ಗದ್ದೆಮ್ಮ ಉಗುಳಾಕ ಜಾಗಾ ಹುಡುಕಿದ್ಲು. ಸಿಗಲಿಲ್ಲ. ಮಲ್ಲಿಕಾ ಓಡಿ ಹೋಗಿ ಅಜ್ಜಿ ಮಗ್ಗಲಾಗ ಕುಂತ್ಲು.

"ಅಜ್ಜಿ, ನಿಮ್ಮ ಹೆಸರೇನ್ರಿ?" ಅಂತ ಮೇಡಮ್ ಕೇಳಿದ್ಲು.

ಗದ್ದೆಮ್ಮ ರಸ ಸೋರಬಾರ್ದಂತ ಮುಖಾ ಮ್ಯಾಲೆತ್ತಿದ್ಲು, ಎಡಗಲ್ಲ ಉಬ್ಬಿಸಿದ್ಲು, ತುಟಿ ಬಿಗಿದು "ಮ್ಹದ್ದೆಮ್ಮ" ಅಂದ್ಲು.

ಮಗ್ಗಲಾಗ ಮಲ್ಲಿಕಾ ಮುಖಾ ಮ್ಯಾಲೆತ್ತಿದ್ಲು, ಎಡಗಲ್ಲ ಉಬ್ಬಿಸಿದ್ಲು, ತುಟಿ ಬಿಗಿದು "ಮ್ಹಾ" ಅಂದ್ಲು.

ನೇತ್ರಾವತಿ ಅಜ್ಜಿನ್ನ ನೋಡಿದ್ಲು, ಮೊಮ್ಮಗಳನ್ನ ನೋಡಿದ್ಲು, ಮತ್ತ ಅಜ್ಜಿನ್ನ ನೋಡಿದ್ಲು. ಆಮ್ಯಾಲೆ ನಗಾಕ ಸುರು ಮಾಡಿದ್ಲು ನೋಡ್ರಿ, ಸೆರಗಿಲೆ ಕಣ್ಣು ಒರಸ್ಕೋತ ನೆಲಕ್ಕ ಕುಂತ್ಲು. ದುರುಗೇಶ ನಕ್ಕ, ಮಂಜುಳಾ ಬಾಯಿಗೆ ಸೆರಗು ಹಚ್ಚಿದ್ಲು. ನಾ ನಗಬಾರ್ದಿತ್ತು, ಮನಿಗೆ ಹೋಗೋದಿತ್ತು. ನಕ್ಕೆ.

"ಈ ಹುಡುಗಿ ಮಾತು ಕಲಿಯವೊಲ್ಳು ಅಂತ ನಾ ರಾತ್ರಿ ಚಿಂತಿ ಮಾಡ್ತಿದ್ದೆ" ಅಂದ್ಲು ನೇತ್ರಾವತಿ. "ಕಲತಾಳ್ರಿ. ಆಕಿಗೆ ಬಾಳ ಕಾಣೋದು ಅಜ್ಜಿ ಬಾಯಿ. ಆ ಬಾಯಿ ಹೆಂಗ ಅದನೋ ಹಂಗ, ಒಂದೀಟೂ ಬಿಡದಂಗ ಕಲತಾಳ. ಇಷ್ಟು ನೋಡಿ ಕಲಿಯೋಕಿಗೆ ಖಾಲಿ ಬಾಯಿ ತೋರಿಸಿದ್ರ ಏನೇನು ಕಲಿತಾಳೋ."

ಗದ್ದೆಮ್ಮಗ ತಿಳಿಯಾಕ ತಡಾ ಆತು. ತಿಳಿದ ಮ್ಯಾಲೆ ಎದ್ದು ಹೊರಗ ಹೋಗಿ, ಗಿಡದ ಬುಡಕ ಉಗುಳಿ, ಬಸ್ ಸ್ಟ್ಯಾಂಡಿನ ಕಡಿ ನಡಕೋತ ಹೊಂಟ್ಲು.

ಬಸ್ಸಿನ್ಯಾಗ ಕಿಡಕಿ ಕಡಿ ಮುಖಾ ಮಾಡಿ ಕುಂತ್ಲು. ಊರು ದಾಟಿದ ಮ್ಯಾಲೆ ಸುರು ಮಾಡಿದ್ಲು.

"ನನ್ನ ಬಾಯಿ ಅದು. ನಿಮ್ಮಪ್ಪನ ಗಂಟು ಅಲ್ಲ."

"ನಾ ಏನಂದೆ?" ಅಂದೆ.

"ನಕ್ಕಿ."

"ಎಲ್ಲಾರೂ ನಕ್ಕರು."

"ಅವರು ನಗ್ಲಿ. ನೀ ಮದುವ್ಯಾಗ ನಿನ್ನ ಕೈಲೆ ನನ್ನ ಬಾಯಾಗ ಎಲಿ ಇಟ್ಟಾಂವ. ಆವತ್ತಿಂದ ಹಾಕ್ಕೊಂಡು ಬಂದೀನಿ. ಈಗ ಬಿಡು ಅಂದ್ರ?"

"ಬಿಡು ಅಂತ ಯಾರೂ ಅಂದಿಲ್ಲ ಅತ್ತಿ" ಅಂತ ಮಂಜುಳಾ ಹಿಂದಿನ ಸೀಟಿನಿಂದ ಅಂದ್ಲು.

"ಅಂದಿಲ್ಲ. ಅದಕ್ಕ ಸಿಟ್ಟು ಬಂದದ. ಅಂದಿದ್ರ ಜಗಳಾನರ ಮಾಡ್ತಿದ್ದೆ."

ಮಾನ್ವಿ ಬಂತು. ಗದ್ದೆಮ್ಮ ಮನಿ ಹೊಸ್ತಿಲ ದಾಟಿದಕಿನ ಪಡಸಾಲ್ಯಾಗಿನ ಹಸರು ಟ್ರಂಕ್ ನೋಡಿದ್ಲು. ಸೊಂಟದಿಂದ ಚಂಚಿ ತಗದು ಸೊಸಿ ಕೈಯಾಗ ಇಟ್ಲು. "ನಿನ್ನ ಕಡಿ ಇಟ್ಕೋ. ನಾ ಕಾಲು ಬಿದ್ರೂ ಕೊಡಬ್ಯಾಡ."

ಮರುದಿನ ಮುಂಜಾನೆ ಚಾ ಕುಡದು ಒಲಿ ಮುಂದ ಹೋಗಿ ನಿಂತ್ಲು. "ಮಂಜುಳಾ, ಚಂಚಿ ಕೊಡಬೇ."

"ಕಾಲು ಬಿದ್ರೂ ಕೊಡಬ್ಯಾಡ ಅಂದೀರಲ್ರಿ ಅತ್ತಿ."

"ಕಾಲು ಬೀಳಾಕತ್ತಿಲ್ಲಲ್ಲ. ಕೇಳಾಕತ್ತೀನಿ."

ಮಂಜುಳಾ ಕೊಡಲಿಲ್ಲ. ಸೊಸಿ ಆಗಿ ಈ ಮನಿಗೆ ಬಂದಾಗಿನಿಂದ ಅತ್ತಿಗೆ ಇಲ್ಲ ಅಂದಿದ್ದು ಅದೇ ಮೊದಲು, ಆಕಿ ಮುಖದಾಗ ಸಣ್ಣ ಖುಷಿ ಕಂಡೆ ನಾನು.

ಆ ವಾರ ನಮ್ಮ ಮನಿ ಮನಿಯಾಗಿ ಉಳಿಲಿಲ್ಲ. ಪಲ್ಯಕ್ಕ ಉಪ್ಪು ಎರಡು ಸಲ ಬಿತ್ತು. ಗದ್ದೆಮ್ಮಗ ತಲಿ ನೋವು, ಸಿಟ್ಟು, ಆಕಳಿಕಿ. ಪಾಳ್ಯಾಗ ನಿಂತವರಿಗೆ ಪಾಳಿ ಹಚ್ಚಿದ್ರೂ ಬೈದ್ಲು. ಸೋಂಪು ಕೊಟ್ರ "ನಾ ಏನು ಗಿಳೀನಾ?" ಅಂದ್ಲು. ಒಣ ಕೊಬ್ಬರಿ ಕೊಟ್ರ ಅದನ್ನ ಎಡಗಲ್ಲಕ್ಕ ಸೇರಿಸಿದ್ಲು, ಮಲ್ಲಿಕಾನೂ ಒಂದು ತುಂಡು ಇಸ್ಕೊಂಡು ಎಡಗಲ್ಲಕ್ಕ ಸೇರಿಸಿದ್ಲು. ಕೊಬ್ಬರಿನೂ ಬಂದ್ ಆತು.

ಒಂದಿನ ಮಧ್ಯಾಹ್ನ ಗದ್ದೆಮ್ಮ, "ಅಮೀರ್ ಬೀಗೆ ಆರಾಮಿಲ್ಲಂತ, ನೋಡಿ ಬರ್ತೀನಿ" ಅಂತ ವಲಿ ಪಾಷಾನ ಮನಿಗೆ ಹೋದ್ಲು. ಮೊಮ್ಮಗಳು ಬೆನ್ನು ಹತ್ತಿದ್ಲು. ಅವನ ಹೆಂಡತಿ ಅಮೀರ್ ಬೀ ಗುಂಡಕಲ್ಲಿನಂಗ ಆರಾಮಿದ್ದಳು, ಆಕಿ ಪಾನದಾನೂ ಆರಾಮಿತ್ತು. ತಾಸಾದ ಮ್ಯಾಲೆ ಗದ್ದೆಮ್ಮ ಬಂದ್ಲು. ತುಟಿ ತೊಳಕೊಂಡು ಬಂದಾಳ, ಅದು ಗೊತ್ತಾಗ್ತಿತ್ತು. ಆದ್ರ ಬಾಯಿ ಬಿಡವೊಲ್ಳು.

"ಅಮೀರ್ ಬೀ ಹೆಂಗ ಅದಾಳ?" ಅಂದೆ.

ಗದ್ದೆಮ್ಮ ತಲಿ ಅಲ್ಲಾಡಿಸಿದ್ಲು.

ಮಲ್ಲಿಕಾ ಎಲ್ಲಾರ ನಡುವ ನಿಂತ್ಲು. ತನ್ನ ಎಡಗಲ್ಲಕ್ಕ ಬೊಟ್ಟು ಇಟ್ಲು, ಆಮ್ಯಾಲೆ ಅಜ್ಜಿ ಎಡಗಲ್ಲಕ್ಕ ಬೊಟ್ಟು ಇಟ್ಟು ಒತ್ತಿದ್ಲು. ಅಜ್ಜಿ ತುಟಿ ಸಂದಿನಿಂದ ಕೆಂಪು ರಸ ಇಳಿತು. ದುರುಗೇಶ ನಕ್ಕೋತ ಗಿರಣಿಗೆ ಹೋದ. ಮಲ್ಲಿಕಾ ನಗಲಿಲ್ಲ. ಖುಷೀಲೆ ಮುಖಾ ಮ್ಯಾಲೆತ್ತಿ, ಗಲ್ಲ ಉಬ್ಬಿಸಿ, ಅಜ್ಜಿ ಹಂಗ ನಿಂತ್ಲು. ತನ್ನ ಅಜ್ಜಿ ತಿರುಗಿ ಬಂದ್ಲು ಅಂತ ಆಕಿಗೆ ಸಂತೋಷ.

ಗದ್ದೆಮ್ಮ ಅದನ್ನ ನೋಡಿದ್ಲು. ಬಚ್ಚಲಿಗೆ ಹೋಗಿ ಉಗುಳಿದ್ಲು. ಬಂದು ಮೊಮ್ಮಗಳನ್ನ ತೊಡಿಮ್ಯಾಲೆ ಕುಂದ್ರಿಸ್ಕೊಂಡು, ಬಾಯಿ ಅಗಲ ತಗದು, "ನೋಡು, ಖಾಲಿ. ಇನ್ನ ಮ್ಯಾಲೆ ಖಾಲಿನ" ಅಂದ್ಲು. ಮಲ್ಲಿಕಾ ಬಾಯಾಗ ಇಣಿಕಿ ನೋಡಿ, ಬೊಟ್ಟು ಹಾಕಿ, ಎಡಕ್ಕ ಬಲಕ್ಕ ತಿರುವಿ ಖಾತ್ರಿ ಮಾಡ್ಕೊಂಡ್ಲು. ಗದ್ದೆಮ್ಮನ ಕಣ್ಣಾಗ ನೀರು. ಎಲಿ ಬಿಟ್ಟಿದ್ದಕ್ಕೋ, ಮೊಮ್ಮಗಳಿಗೋ, ನಾ ಕೇಳಲಿಲ್ಲ. ಈ ಮುದುಕಿನ್ನ ಕಟ್ಕೊಂಡಿದ್ದು ಚಲೋ ಆತು ಅನಿಸ್ತು ನನಗ.

ಅಲ್ಲಿಂದ ನಮ್ಮ ಗಾಡಿ ಹಳಿಗೆ ಬಂತು. ಗಲ್ಲ ಖಾಲಿ ಆದ ಮ್ಯಾಲೆ ಗದ್ದೆಮ್ಮನ ಮುಖಾನ ಬ್ಯಾರೆ ಆತು, ತುಟಿ ಕಾಣಾಕತ್ತಿದ್ವು. ಗಿರಣಿ ನಡದಾಗ ಬಾಯಿ ದೊಡ್ಡದು ಮಾಡಿ "ಪಾಳಿ ಹಚ್ರಿ" ಅನ್ನೋಳು, ಒಬ್ಬರಾದ ಮ್ಯಾಲೆ ಒಬ್ಬರಿಗೆ, ದಿನಾ ದಿನಾ. ಮಲ್ಲಿಕಾ ಎದುರಿಗೆ ಕುಂತು ಆ ತುಟಿ ನೋಡಾಕಿ. ಕರೆಂಟ್ ಹೋದ್ರ ಮಂಜುಳಾ ಕನ್ನಡಿ ತರಾಕಿ. "ಲ" ಬರಾಕ ಮ್ಯಾಲಿನ ಹಲ್ಲಿನ ಹಿಂದ ಬೆಲ್ಲದ ಚೂರು ಅಂಟಿಸಿದ್ರ ನಾಲಿಗಿ ತಾನ ಅಲ್ಲಿಗೆ ಹೋಗ್ತಿತ್ತು. "ಕ" ಬರಾಕ ಗಂಟಲಾಗ ನೀರು ಗುಳುಗುಳು ಮಾಡಿಸಿದಿವಿ, ಅದೊಂದು ಮಾತ್ರ ಇವತ್ತಿಗೂ ಹಟ ಮಾಡ್ತದ.

ಹಿಂಗ ಒಂದಿನ ಕರೆಂಟ್ ಹೋಗಿ ಗದ್ದೆಮ್ಮ ಅಂಗೈಮ್ಯಾಲೆ ಹಿಟ್ಟು ಇಟ್ಕೊಂಡು ಕುಂತಿದ್ಲು. ಮಲ್ಲಿಕಾ ಮುಖಾ ಎತ್ತಲಿಲ್ಲ, ಗಲ್ಲ ಉಬ್ಬಿಸಲಿಲ್ಲ. "ಪಾ" ಅಂದ್ಲು. ಹಿಟ್ಟು ಹಾರಿ ಅಜ್ಜಿ ಮೂಗಿಗೆ, ಹುಬ್ಬಿಗೆ, ಕುಂಕುಮಕ್ಕೆಲ್ಲಾ ಬಡೀತು. ಗದ್ದೆಮ್ಮ ಆ ದಿನ ಮುಖಾ ತೊಳಿಲಿಲ್ಲ. ಹಂಗ ಬಜಾರಕ್ಕ ಹೋಗಿ ಬಂದ್ಲು. ಕೇಳಿದೋರಿಗೆಲ್ಲಾ "ನಮ್ಮ ಮಲ್ಲಿಕಾ ಊದಿದ್ದು" ಅಂದ್ಲು.

ದುರುಗೇಶನೂ ಮಗಳನ್ನ ಎತ್ತಿ ತಿರುಗಿಸಿದ. ಆದ್ರ ರಾತ್ರಿ ಊಟಕ್ಕ ಕುಂತಾಗ, "ನಮಗ ತಿಳಿತದ ಯಪ್ಪಾ. ನಮಗ ಆಕಿ ಕಣ್ಣು ತಿರುವಿದ್ರೂ ತಿಳಿತದ. ಹೊರಗಿನವರಿಗೆ ತಿಳಿಬೇಕಲ್ಲ" ಅಂದ.

ಹೊರಗಿನವರನ್ನ ಹುಡುಕಾಕ ಹತ್ತಿದಿವಿ. ಬೆಲ್ಲ ತರಾಕ ಅಂಗಡಿಗೆ ಕಳಿಸಿದಿವಿ, ಅಂಗಡಿಯಾಂವ ಬಲ್ಬು ಕೊಟ್ಟು ಕಳಿಸಿದ. ವಲಿ ಪಾಷಾ ಬಂದು, "ಆಕಿ ಏನಂದ್ರೂ ನನಗ ಸಬ್ ಸಮಜ್ ಆತಾ. ನನ್ನ ಹೆಸರು ಬರಕೋ" ಅಂದ.

"ನೀವು ಹೊರಗಿನವರಲ್ಲ ಚಾಚಾ."

"ಅರೇ, ನಾಳಿಂದ ನಿಮ್ಮ ಮನಿಗೆ ಬರಂಗಿಲ್ಲ. ಆವಾಗ ಹೊರಗಿನವ ಆಗ್ತೀನಿಲ್ಲ?"

ಮರುದಿನ ಚಾ ಹೊತ್ತಿಗೆ ಮತ್ತ ಬಂದು ಕುಂತಿದ್ದ.

ಕಾರಹುಣ್ಣಿವಿ ಹತ್ರ ಬಂತು. ಮಂಜುಳಾ ಒಂದೊಂದ ಅಂಗಿ ಮಡಚಿ ಟ್ರಂಕಿನ್ಯಾಗ ಇಡಾಕತ್ತಿದ್ಲು. ಅಳಬಾರ್ದು ಅಂತ ಮಾತಾಗಿತ್ತಲ್ಲ.

ಹಬ್ಬದ ಹಿಂದಿನ ದಿನ ಗಿರಣ್ಯಾಗ ಕಾಲಿಡಾಕ ಜಾಗಾ ಇರಲಿಲ್ಲ. ಹೋಳಿಗಿಗೆ ಗೋದಿ, ರೊಟ್ಟಿಗೆ ಜ್ವಾಳ, ಡಬ್ಬಿ, ಚೀಲ, ಬುಟ್ಟಿ, ಬೀದಿತನ ಪಾಳಿ. ದುರುಗೇಶ ಗಿರಣಿ ಮ್ಯಾಲಿನ ಬುಟ್ಟಿಗೆ ಕಾಳು ಸುರಿತಿದ್ದ. ಗದ್ದೆಮ್ಮ ನೀರು ಕುಡಿಯಾಕ ಒಳಗ ಹೋಗಿದ್ಲು. ಅಷ್ಟರಾಗ ಒಬ್ಬಾಂವ ಮೋಟಾರ್‌ಸೈಕಲ್ ನಿಲ್ಲಿಸಿ, ಹೆಗಲಮ್ಯಾಲೆ ಜ್ವಾಳದ ಚೀಲ ಹೊತ್ಕೊಂಡು, ಮಂದೀನ ದಾಟಿ ಬಂದು ಧಪ್ಪಂತ ಗಿರಣಿ ಮುಂದ ಒಗೆದ. ನಾ ಅವನ್ನ ಎಂದೂ ನೋಡಿರಲಿಲ್ಲ. ಮಗ್ಗಲ ಹಳ್ಳಿ ಚೀಕಲಪರ್ವಿಯಾಂವ ಅಂತ ಆಮ್ಯಾಲೆ ಗೊತ್ತಾತು.

ಕರೆಂಟ್ ಹೋತು.

ಪಟ್ಟಾ ನಿಂತಿತು. ಕಿವ್ಯಾಗ ಬರೇ ಗುಂಯ್ ಅನ್ನೋ ಸಪ್ಪಳ ಉಳಿತು. ಮಲ್ಲಿಕಾ ತಗಡಿನಮ್ಯಾಲಿನ ಕೈ ತಗದ್ಲು, ಕೊಳ್ಳಾಗಿನ ಸಣ್ಣ ಚೀಲದಿಂದ ಮಿಷನ್ ತಗದು ಎರಡೂ ಕಿವಿಗೆ ಹಾಕ್ಕೊಂಡ್ಲು. ಗಿರಣಿ ನಿಂತ್ರ ಅದು ಆಕಿ ರೂಢಿ. ಅಜ್ಜಿ ಮಣಿ ಖಾಲಿ ಇರೋದು ನೋಡಿದ್ಲು, ಮುಂದ ಬಿದ್ದ ಚೀಲ ನೋಡಿದ್ಲು. ಎದ್ದು ಹೋಗಿ ಆ ಮನುಷ್ಯಾನ ಎದುರಿಗೆ ನಿಂತ್ಲು. ಆಕಿ ತಲಿ ಅವನ ಸೊಂಟಕ್ಕ ಬರ್ತಿತ್ತು.

"ಪಾಳಿ" ಅಂದ್ಲು. "ಪಾಳಿ ಹಚ್ಚು."

ಧ್ವನಿ ಭಾರ ಇತ್ತು, ಅರ್ಧ ಮೂಗಿನ್ಯಾಗಿಂದ ಬಂತು. ಆದ್ರ ಮುಖಾ ನೆಟ್ಟಗಿತ್ತು, ಗಲ್ಲ ಖಾಲಿ ಇತ್ತು.

ಆ ಮನುಷ್ಯಾ ಕೆಳಗ ನೋಡಿದ. "ಆತಬೇ ನಮ್ಮವ್ವ, ಹಚ್ಚತೀನಿ. ಕಣ್ಣು ಬಿಡಬ್ಯಾಡ" ಅಂತ ಗೊಣಗಿಕೋತ ಚೀಲ ಎತ್ಕೊಂಡು ಪಾಳಿ ತುದಿಗೆ ಹೋಗಿ ನಿಂತ.

ನಮ್ಮವರು ಯಾರೂ ಅಲುಗಾಡಲಿಲ್ಲ. ಮಂಜುಳಾ ಬಾಗ್ಲಾಗ ಹಸಿ ಹಿಟ್ಟಿನ ಕೈಲೆ ನಿಂತಿದ್ಲು. ಆಕಿ ಹಿಂದ ಗದ್ದೆಮ್ಮ, ನೀರಿನ ತಂಬಿಗಿ ಹಿಡಕೊಂಡು. ದುರುಗೇಶ ಕಾಳಿನ ಡಬ್ಬಿ ಕೆಳಗಿಟ್ಟು ಪಾಳಿ ತುದಿತನ ನಡಕೋತ ಹೋದ.

"ಅಣ್ಣಾ, ಆ ಹುಡುಗಿ ಏನಂದ್ಲು?"

"ನಿನ್ನ ಮಗಳೇನು? ಪಾಳಿ ಹಚ್ಚು ಅಂದ್ಲು. ಹಚ್ಚೀನಲ್ಲಪ್ಪಾ, ಇನ್ನೇನು?"

"ಮೊದಲ ಸಲಕ್ಕ ತಿಳೀತಾ?"

"ತಿಳಿಲಾರದಂಗ ಏನದ ಅದರಾಗ? ಗಂಟಲು ಕಟ್ಟೈತೇನೋ ಪಾಪ, ಬಿಸಿ ನೀರು ಕುಡಸ್ರಿ."

ದುರುಗೇಶ ಅಲ್ಲಿಂದ ತಿರುಗಿದ. ಸೀದಾ ಮನಿಯೊಳಗ ಹೋದ. ಒಳಗ ಬಟ್ಟಿ ಸುರಿದ ಸಪ್ಪಳ ಕೇಳ್ತು. ಹಸರು ಟ್ರಂಕ್ ಹೆಗಲಮ್ಯಾಲೆ ಹೊತ್ಕೊಂಡು ಬಂದು ಆ ಮನುಷ್ಯಾನ ಮುಂದ ಇಟ್ಟ. "ಕುಂದ್ರು ಅಣ್ಣಾ. ನಿನ್ನ ಪಾಳಿ ಬರೋತನ ಆರಾಮ ಕುಂದ್ರು" ಅಂದ. ಅಳಬಾರ್ದು ಅಂತ ಹೇಳಿದಾಂವನ ಅಳಾಕತ್ತಿದ್ದ. ಚೀಕಲಪರ್ವಿಯಾಂವ ಈ ಗಿರಣಿ ಮಂದಿಗೆ ಏನಾಗ್ಯಾದ ಅಂತ ಎಲ್ಲಾರ ಮುಖಾ ನೋಡಿಕೋತ ಟ್ರಂಕಿನಮ್ಯಾಲೆ ಕುಂತ. ಇವತ್ತಿಗೂ ಅದು ಅಲ್ಲೇ ಅದ, ಪಾಳ್ಯಾಗ ನಿಂತು ಕಾಲು ನೋಯ್ದೋರು ಕುಂದ್ರಾಕ.

ಮಂಜುಳಾ ಮಗಳನ್ನ ಅಪ್ಪಿಕೊಂಡು ಆಕಿ ಲಂಗಾ ತುಂಬ ಹಿಟ್ಟು ಮಾಡಿದ್ಲು. ಆಮ್ಯಾಲೆ ಸೊಂಟದಿಂದ ಚಂಚಿ ಬಿಚ್ಚಿ ಅತ್ತಿ ಮುಂದ ಹಿಡದ್ಲು. "ತಗೋರಿ ಅತ್ತಿ. ಇವತ್ತೊಂದಿನ ಹಾಕ್ಕೋರಿ."

ಗದ್ದೆಮ್ಮ ಒಂದು ಎಲಿ ತಗದು ಮೂಸಿ ನೋಡಿದ್ಲು. ಪಾಳ್ಯಾಗ ನಿಂತಿದ್ದ ಅಮೀರ್ ಬೀ ಕೈಯಾಗ ಚಂಚಿ ಇಟ್ಲು. "ನೀನ ಹಾಕ್ಕೋ. ನನಗಿನ್ನ ಮಾತಾಡೋದು ಬಾಳ ಅದ."

ಕರೆಂಟ್ ಬಂತು. ಪಟ್ಟಾ ತಿರುಗ್ತು. ಮಲ್ಲಿಕಾ ಮಿಷನ್ ತಗದು ಚೀಲದಾಗ ಇಟ್ಕೊಂಡು ಅಜ್ಜಿ ಮಣಿಮ್ಯಾಲೆ ಕುಂತ್ಲು. ನನಗ ಖುಷಿ ತಡಿಲಾರದಂಗ ಆಗಿತ್ತು, ಕೈ ಕಾಲು ನಿಂತಲ್ಲಿ ನಿಲ್ಲವೊಲ್ವು. ಇಂಥಾ ದಿನ ಗೆಣಿಕಾರಗ ಏನಾರ ಮಾಡಬೇಕಲ್ಲ ಅಂತ ವಲಿ ಪಾಷಾನ ಗೋದಿ ಡಬ್ಬಿ ಸದ್ದಿಲ್ಲದ ಎತ್ಕೊಂಡು ಗಿರಣಿ ಬುಟ್ಟಿ ಕಡಿ ಹೊಂಟೆ. ಯಾರೋ ನನ್ನ ಧೋತರ ಜಗ್ಗಿದ್ರು. ತಿರುಗಿ ನೋಡಿದ್ರ ಮಲ್ಲಿಕಾ. ಏನೋ ಅಂದ್ಲು. ಗಿರಣಿ ಸಪ್ಪಳದಾಗ ನನಗ ಒಂದೂ ಕೇಳಲಿಲ್ಲ.

ಬಗ್ಗಿ ಆಕಿ ಬಾಯಿ ನೋಡಿದೆ. ತುಟಿ ಕೂಡಿದ್ವು, ಬಿಟ್ವು, ನಾಲಿಗಿ ಮ್ಯಾಲೆ ಹೋತು. ತಿಳೀತು.

ಡಬ್ಬಿ ಎತ್ಕೊಂಡು ಹೋಗಿ ಚೀಕಲಪರ್ವಿಯಾಂವನ ಹಿಂದ ನಿಂತೆ.